ಮಧುನಾಶಿನಿ ಎಲೆ ಸಕ್ಕರೆ ಕಾಯಿಲೆ ಗುಣಪಡಿಸುತ್ತದೆಯೇ? 1928ರಲ್ಲೇ ಪರೀಕ್ಷಿಸಿದ್ದರು ರಾಮನಾಥ ಚೋಪ್ರಾ

ದಿನಾ ನಾಲ್ಕು ಮಧುನಾಶಿನಿ ಎಲೆ ಅಗಿಯಿರಿ, ಶುಗರ್ ಮಾತ್ರೆ ಬಿಡಿ ಎನ್ನುವ ಫಾರ್ವರ್ಡ್ ಯಾದಗಿರಿ, ಶಹಾಪುರ, ಸುರಪುರದ ನಿಮಗೂ ಬಂದಿರಬಹುದು. ಈ ಎಲೆಯನ್ನು ಸುಮಾರು ನೂರು ವರ್ಷಗಳ ಹಿಂದೆಯೇ ಪರೀಕ್ಷಿಸಿದವರ ಕಥೆಯನ್ನು ನಾವು ಇಲ್ಲಿ ಹೇಳುತ್ತೇವೆ.

ಯಾರು ಈ ಚೋಪ್ರಾ?

ರಾಮನಾಥ ಚೋಪ್ರಾ ಹುಟ್ಟಿದ್ದು 1882ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಗುಜ್ರಾನ್‌ವಾಲಾದಲ್ಲಿ. ಕೇಂಬ್ರಿಜ್‌ನಲ್ಲಿ ಓದಿ ವೈದ್ಯರಾದರು. 1921ರಲ್ಲಿ ಕಲ್ಕತ್ತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾದರು. ಅದೇ ವರ್ಷ ಕೆನಡಾದಲ್ಲಿ ಇನ್ಸುಲಿನ್ ಪತ್ತೆಯಾಯಿತು. ಬಡವರ ಕೈಗೆಟುಕುವ ಮದ್ದು ನಮ್ಮ ಗಿಡಮೂಲಿಕೆಗಳಲ್ಲೇ ಸಿಗಬೇಕು ಎಂಬುದು ಚೋಪ್ರಾ ಅವರ ಆಸೆಯಾಗಿತ್ತು. ಹಾಗಾಗಿ ಅವರು ಹಳ್ಳಿಮದ್ದಿನ ವಿರೋಧಿಯಲ್ಲ.

ಪರೀಕ್ಷೆಯಲ್ಲಿ ಏನಾಯಿತು?

1925ರಲ್ಲಿ ತೊಂಡೆ ಬಳ್ಳಿ, 1928ರಲ್ಲಿ ಮಧುನಾಶಿನಿ. ಸಕ್ಕರೆ ಕಾಯಿಲೆ ಇದ್ದವರಿಗೆ ಕೊಟ್ಟು, ರಕ್ತ ಮತ್ತು ಮೂತ್ರದಲ್ಲಿನ ಸಕ್ಕರೆಯನ್ನು ಅಳೆದರು. ಎರಡರಿಂದಲೂ ಸಕ್ಕರೆ ಇಳಿಯಲಿಲ್ಲ. ಬಂದ ಫಲಿತಾಂಶವನ್ನು ಹಾಗೆಯೇ ಪ್ರಕಟಿಸಿದರು.

ಹಾಗಾದರೆ ನಂಬಿಕೆ ಬಂದದ್ದು ಎಲ್ಲಿಂದ?

ಮಧುನಾಶಿನಿ ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿ ರುಚಿಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಎಲೆ ಅಗಿದು ಸಕ್ಕರೆ ತಿಂದರೆ ಮರಳು ತಿಂದಂತೆ ಅನಿಸುತ್ತದೆ. ಬಾಯಲ್ಲಿ ಸಿಹಿ ಮಾಯವಾದರೆ ರಕ್ತದಲ್ಲೂ ಮಾಯವಾಗುತ್ತದೆ ಎಂದು ಜನ ನಂಬಿದರೆ ಆಶ್ಚರ್ಯವಿಲ್ಲ.

ಗಿಡಮೂಲಿಕೆ ಎಲ್ಲವೂ ಸುಳ್ಳೇ?

ಖಂಡಿತ ಅಲ್ಲ. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆ ಎಂದು 1930ರ ದಶಕದಲ್ಲಿ ತೋರಿಸಿದ್ದು ಇದೇ ಚೋಪ್ರಾ ಅವರ ತಂಡ. 1952ರಲ್ಲಿ ಅದೇ ಬೇರಿನಿಂದ ರೆಸರ್ಪಿನ್ ಎಂಬ ಔಷಧ ಬಂತು. ಇಂದು ವೈದ್ಯರು ಬರೆಯುವ ಮೆಟ್‌ಫಾರ್ಮಿನ್‌ನ ಮೂಲವೂ ಯುರೋಪಿನ ಒಂದು ಗಿಡವೇ.

ಕಲಬೆರಕೆ ಔಷಧಗಳ ಬಗ್ಗೆ 1930–31ರಲ್ಲಿ ವಿಚಾರಣೆ ನಡೆಸಿದ ಸಮಿತಿಗೂ ಚೋಪ್ರಾ ಅವರೇ ಅಧ್ಯಕ್ಷರು. 1940ರ ಔಷಧ ಕಾಯ್ದೆಗೆ ಅದು ದಾರಿ ಮಾಡಿತು. ಅವರು ತೀರಿಕೊಂಡದ್ದು 1973ರಲ್ಲಿ.

ನೀವು ಏನು ಮಾಡಬೇಕು?

ಮಧುನಾಶಿನಿಯ ಮೇಲೆ ಆನಂತರವೂ ಸಣ್ಣ ಅಧ್ಯಯನಗಳು ನಡೆದಿವೆ, ಕೆಲವು ಆಶಾದಾಯಕವಾಗಿವೆ. ಆದರೆ ಮಾತ್ರೆ ಬಿಡಲು ಅಷ್ಟು ಸಾಲದು. ಇನ್ಸುಲಿನ್ ಅವಲಂಬಿಸಿದವರು ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ಎಲೆ ಅಥವಾ ಪುಡಿ ತಿನ್ನುತ್ತಿದ್ದರೆ ವೈದ್ಯರಿಗೆ ತಿಳಿಸಿ, ಶುಗರ್ ಪರೀಕ್ಷೆ ಮಾಡಿಸಿಕೊಳ್ಳಿ. ಆ ಫಾರ್ವರ್ಡ್ ಮತ್ತೆ ಬಂದರೆ ಈ ಲೇಖನವನ್ನು ಅದೇ ಗ್ರೂಪಿಗೆ ಕಳುಹಿಸಿ.