ಡಿಗ್ರಿ ಇಲ್ಲದ ನ್ಯಾಯಮೂರ್ತಿ

ಕಾಲೇಜಿನ ಮೆಟ್ಟಿಲು ಹತ್ತದೆಯೇ ನ್ಯಾಯಪೀಠ ಏರಿದವರು ಸ್ಕಾಟ್ಲೆಂಡಿನ ಹೆನ್ರಿ ಹೋಮ್. 1696ರಲ್ಲಿ ಹುಟ್ಟಿದರು. ಜಮೀನ್ದಾರರ ಮನೆಯೇನೋ ಹೌದು, ಆದರೆ ತಂದೆಗೆ ಸಾಲವಿತ್ತು, ಪಾಠವೆಲ್ಲ ಮನೆಯಲ್ಲೇ. ಮುಂದೆ ಎಡಿನ್‌ಬರೋದ ಕಾನೂನು ಕಚೇರಿಯೊಂದರಲ್ಲಿ ಕೆಲಸ ಕಲಿಯುತ್ತಾ ಓದಿಕೊಂಡು ವಕೀಲರಾದರು. 1752ರಲ್ಲಿ, ಐವತ್ತು ದಾಟಿದ ಮೇಲೆ, ಕೋರ್ಟ್ ಆಫ್ ಸೆಷನ್‌ನ (ನಮ್ಮ ಜಿಲ್ಲಾ ಸೆಷನ್ಸ್ ಕೋರ್ಟ್ ಅಲ್ಲ, ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ) ನ್ಯಾಯಮೂರ್ತಿಯಾಗಿ ಲಾರ್ಡ್ ಕೇಮ್ಸ್ ಎನಿಸಿಕೊಂಡರು.

ಎಂಜಿನಿಯರಿಂಗ್ ಓದುವ ನನಗೆ ಹಿಡಿಸಿದ್ದು ಅವರ ಇನ್ನೊಂದು ಸಾಹಸ. 1766ರಲ್ಲಿ ಪತ್ನಿಗೆ ಬ್ಲೇರ್ ಡ್ರಮಂಡ್ ಆಸ್ತಿ ಬಂತು. ಅಲ್ಲಿ ನೂರಾರು ಎಕರೆ ಜೌಗು. ಮೇಲೆ ಕೊಳೆತ ಪಾಚಿಯ ದಪ್ಪ ಪದರ, ಅಡಿಯಲ್ಲಿ ಫಲವತ್ತಾದ ಮಣ್ಣು. ಪದರವನ್ನು ಕಡಿದು, ಕಾಲುವೆ ನೀರಿನಲ್ಲಿ ತೇಲಿಬಿಟ್ಟು, ಫೋರ್ತ್ ನದಿಗೆ ಸಾಗಿಸುವ ಯೋಜನೆ ಹಾಕಿದಾಗ ಅವರಿಗೆ ಸುಮಾರು ಎಪ್ಪತ್ತು!

ಆದರೆ ಮರೆಯಲಾಗದ್ದು 1778ರ ಪ್ರಕರಣ. ಆಫ್ರಿಕಾದಿಂದ ಬಾಲಕನಾಗಿದ್ದಾಗ ಜಮೈಕಾಕ್ಕೆ ಸಾಗಿಸಲ್ಪಟ್ಟ ಜೋಸೆಫ್ ನೈಟ್, ತನ್ನನ್ನು ಸ್ಕಾಟ್ಲೆಂಡಿಗೆ ಕರೆತಂದಿದ್ದ ಯಜಮಾನ ವೆಡರ್‌ಬರ್ನ್ ವಿರುದ್ಧ ಬಿಡುಗಡೆಗಾಗಿ ಹೋರಾಡಿದ. ಜಮೈಕಾದ ಗುಲಾಮಗಿರಿಯ ಕಾನೂನು ಇಲ್ಲಿ ನಡೆಯದು ಎಂದು ಬಹುಮತದ ತೀರ್ಪು ಬಂತು. ಆ ಬಹುಮತದಲ್ಲಿ 81ರ ಕೇಮ್ಸ್ ಇದ್ದರು.

ವಿಚಿತ್ರವೆಂದರೆ, 1774ರ ತಮ್ಮ ಪುಸ್ತಕದಲ್ಲಿ ಮನುಷ್ಯರೆಲ್ಲ ಒಂದೇ ಮೂಲದವರೇ ಎಂದು ಅವರೇ ಅನುಮಾನಿಸಿದ್ದರು. ಆ ಪುಟಗಳು ಇಂದು ಓದಲು ಕಹಿ. ಪೀಠದಲ್ಲಿ ಮಾತ್ರ ನೈಟ್‌ನ ಪರ ನಿಂತರು.

1782ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಜೌಗು ತೊಳೆಯುವ ಕೆಲಸ ಇನ್ನೂ ಬಾಕಿಯಿತ್ತು. ಮಗ ದೊಡ್ಡದೊಂದು ನೀರುಚಕ್ರ ಕೂರಿಸಿ ಅದನ್ನು ಮುಂದುವರಿಸಿದ.