ನಗರ ಕಟ್ಟಿದ ನಾಡಪ್ರಭು

ಬಡವನಹಳ್ಳಿಯ ಕಡೆಯಿಂದ ಮಧುಗಿರಿಗೆ ಬರುವ ಪ್ರಯಾಣಿಕನ ಕಣ್ಣನ್ನು ಮೊದಲು ಸೆಳೆಯುವುದು ಅಲ್ಲಿನ ಏಕಶಿಲೆಯ ಬೆಟ್ಟ ಮತ್ತು ಅದರ ಮೈಮೇಲೆ ಹಬ್ಬಿರುವ ಕೋಟೆ. ಪಾವಗಡ, ಮಿಡಿಗೇಶಿಗಳಲ್ಲಿಯೂ ಇಂತಹ ಗಿರಿದುರ್ಗಗಳಿವೆ. ಶತ್ರುಭಯವಿದ್ದ ಕಾಲದಲ್ಲಿ ನಾಡನ್ನಾಳುವವರು ಬೆಟ್ಟದ ನೆತ್ತಿಯನ್ನು ಆಶ್ರಯಿಸಿದುದು ಸಹಜವೇ ಆಗಿತ್ತು. ಆದರೆ ವಿಜಯನಗರದ ಅರಸರಿಗೆ ಅಧೀನನಾಗಿದ್ದ ಒಬ್ಬ ನಾಡಪ್ರಭು ಬೇರೊಂದು ಬಗೆಯಲ್ಲಿ ಯೋಚಿಸಿದನು. ಅವನು ಬೆಟ್ಟವನ್ನು ಬಿಟ್ಟು ಬಯಲನ್ನು ಆರಿಸಿಕೊಂಡನು. ಕೋಟೆಯ ರಕ್ಷಣೆಯಲ್ಲಿ ನೇಕಾರ, ಕುಂಬಾರ, ಗಾಣಿಗ, ವರ್ತಕರೆಲ್ಲರಿಗೂ ನೆಲೆ ಕಲ್ಪಿಸಿದನು. ಅವನೇ ಬೆಂಗಳೂರಿನ ನಿರ್ಮಾಪಕನಾದ ಒಂದನೆಯ ಕೆಂಪೇಗೌಡ.

ಕೆಂಪೇಗೌಡನು ಸುಮಾರು 1510ರಲ್ಲಿ ಯಲಹಂಕ ನಾಡನ್ನು ಆಳುತ್ತಿದ್ದ ಮನೆತನದಲ್ಲಿ ಜನಿಸಿದನು. ತಂದೆ ಕೆಂಪನಂಜೇಗೌಡ. ಬಾಲಕನು ಹೆಸರಘಟ್ಟದ ಸಮೀಪದ ಐಗಂಡಪುರದ ಗುರುಕುಲದಲ್ಲಿ ವಿದ್ಯಾಭ್ಯಾಸ ಮಾಡಿದನೆಂದು ಹೇಳುತ್ತಾರೆ. ರಾಜಕಾರ್ಯಗಳ ನಿಮಿತ್ತ ವಿಜಯನಗರಕ್ಕೆ ಹೋಗಿಬರುವ ಅವಕಾಶವೂ ಅವನಿಗೆ ದೊರೆಯಿತು. ದೂರದ ಪೋರ್ಚುಗಲ್ ದೇಶದಿಂದ ಬಂದ ಪ್ರವಾಸಿಗರೂ ಬೆರಗಾಗಿ ವರ್ಣಿಸಿದ ಮಹಾನಗರವದು. ದೇವಾಲಯಗಳ ಮುಂದೆ ನೇರವಾಗಿ ಸಾಗುವ ವಿಶಾಲವಾದ ಬೀದಿಗಳು, ಬೀದಿಯ ಇಕ್ಕೆಲಗಳಲ್ಲಿ ಅಂಗಡಿಗಳ ಸಾಲು, ಕಾಲುವೆಗಳಿಂದ ನೀರು ತುಂಬುವ ಕೊಳಗಳು, ಭದ್ರವಾದ ಕೋಟೆಗೋಡೆಗಳು ಅಲ್ಲಿದ್ದವು. ಇವೆಲ್ಲವೂ ಅವನ ಮನಸ್ಸಿನಲ್ಲಿ ಅಚ್ಚೊತ್ತಿದವು. ಅದನ್ನು ಕಂಡು ಮೆಚ್ಚಿ ಮರಳಿದವರು ಅನೇಕರು. ತನ್ನ ನಾಡಿನಲ್ಲಿಯೂ ಅಂತಹ ನಗರವೊಂದು ಏಳಬೇಕೆಂಬ ಹಂಬಲವನ್ನು ಹೊತ್ತು ಮರಳಿದವನು ಕೆಂಪೇಗೌಡ.

ಆ ಹಂಬಲವು ಯೋಜನೆಯ ರೂಪ ತಾಳಿದ ಬಗೆಯನ್ನು ಕುರಿತು ಒಂದು ಐತಿಹ್ಯವಿದೆ. ಒಮ್ಮೆ ಕೆಂಪೇಗೌಡನು ಮಂತ್ರಿ ವೀರಣ್ಣ ಮತ್ತು ಆಪ್ತನಾದ ಗಿಡ್ಡೇಗೌಡರೊಡನೆ ಬೇಟೆಗೆ ಹೊರಟನು. ಹೆಸರಘಟ್ಟದ ಬಳಿಯ ಶಿವನಸಮುದ್ರ ಎಂಬಲ್ಲಿ ಮೂವರೂ ಮರವೊಂದರ ನೆರಳಿನಲ್ಲಿ ವಿಶ್ರಮಿಸಿದರು. ಅಲ್ಲಿ ಕೆಂಪೇಗೌಡನು ತನ್ನ ಮನದ ಬಯಕೆಯನ್ನು ಸಂಗಾತಿಗಳ ಮುಂದಿಟ್ಟನು. ಕೋಟೆ, ಕೆರೆ, ಗುಡಿ, ಪೇಟೆಗಳನ್ನು ಒಳಗೊಂಡ ನಗರವನ್ನು ಕುರಿತು ಅವರು ಬಹುಹೊತ್ತು ಸಮಾಲೋಚನೆ ನಡೆಸಿದರಂತೆ. ಮುಂದೆ ನಿರ್ಮಾಣವಾದ ನಗರವನ್ನು ನೋಡಿದರೆ, ಅದು ಹಠಾತ್ತನೆ ಹುಟ್ಟಿದ ಊರಲ್ಲ, ಹಲವರು ಕೂಡಿ ಆಲೋಚಿಸಿ ರೂಪಿಸಿದ ಊರು ಎಂಬುದು ಸ್ಪಷ್ಟವಾಗುತ್ತದೆ.

ಅಧೀನನಾದ ನಾಡಪ್ರಭುವು ಚಕ್ರವರ್ತಿಯ ಅಪ್ಪಣೆಯಿಲ್ಲದೆ ಕೋಟೆ ಕಟ್ಟುವಂತಿರಲಿಲ್ಲ. ಆಗ ವಿಜಯನಗರವನ್ನು ಆಳುತ್ತಿದ್ದವನು ಅಚ್ಯುತದೇವರಾಯ. ಅವನ ಸಮ್ಮತಿ ಪಡೆದು 1537ರಲ್ಲಿ ಕೆಂಪೇಗೌಡನು ಕಾರ್ಯಾರಂಭ ಮಾಡಿದನು. ಇಂದಿನ ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಕೂಡುವ ಸ್ಥಳದಿಂದ ನಾಲ್ಕು ದಿಕ್ಕುಗಳಿಗೆ ನೇಗಿಲು ಹೂಡಿದ ಎತ್ತುಗಳನ್ನು ಬಿಡಲಾಯಿತೆಂದೂ, ನೇಗಿಲ ಗೆರೆಗಳೇ ನಗರದ ಮುಖ್ಯ ಬೀದಿಗಳಾದವೆಂದೂ ಪ್ರತೀತಿ. ಸುತ್ತಲೂ ಮಣ್ಣಿನ ಕೋಟೆಯೂ ಕಂದಕವೂ ಏರ್ಪಟ್ಟವು. ಹಲಸೂರು, ಯಲಹಂಕ, ಆನೇಕಲ್ಲು, ಸೊಂಡೆಕೊಪ್ಪಗಳ ಕಡೆಗೆ ಹೆಬ್ಬಾಗಿಲುಗಳು ತೆರೆದುಕೊಂಡವು.

ಕೋಟೆಯೊಳಗೆ ಒಂದೊಂದು ಕಸುಬಿಗೆ ಒಂದೊಂದು ಪೇಟೆ ಮೀಸಲಾಯಿತು. ಅರಳೆಪೇಟೆಯಲ್ಲಿ ಹತ್ತಿ, ಅಕ್ಕಿಪೇಟೆಯಲ್ಲಿ ಅಕ್ಕಿ, ಬಳೇಪೇಟೆಯಲ್ಲಿ ಬಳೆ, ಕುಂಬಾರಪೇಟೆಯಲ್ಲಿ ಮಡಕೆಕುಡಿಕೆ ಹೀಗೆ ಬೀದಿಯ ಹೆಸರೇ ಅಲ್ಲಿನ ಬದುಕನ್ನು ಸಾರುತ್ತಿತ್ತು. ಕೊಳ್ಳುವವನು ಅಲೆಯಬೇಕಾಗಿರಲಿಲ್ಲ, ಮಾರುವವನಿಗೆ ಗಿರಾಕಿಯ ಕೊರತೆಯಿರಲಿಲ್ಲ.

ಇಷ್ಟೆಲ್ಲ ಇದ್ದರೂ ನೀರಿಲ್ಲದೆ ಊರು ಬಾಳಲಾರದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ನೆಲ. ಸಮೀಪದಲ್ಲಿ ದೊಡ್ಡ ನದಿಯೊಂದೂ ಇಲ್ಲ. ಈ ಕೊರತೆಯನ್ನರಿತ ಕೆಂಪೇಗೌಡನು ಮಳೆಯ ನೀರು ಹರಿದು ಹೋಗುವ ತಗ್ಗುಗಳನ್ನು ಗುರುತಿಸಿ ಏರಿಗಳನ್ನು ಕಟ್ಟಿಸಿದನು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳು ಅವನ ಕಾಲದವೆಂದು ಪ್ರಸಿದ್ಧವಾಗಿವೆ. ಬಸವನಗುಡಿಯ ದೊಡ್ಡ ಬಸವಣ್ಣನ ದೇವಾಲಯವನ್ನೂ ಅವನೇ ಕಟ್ಟಿಸಿದನೆನ್ನುವರು.

ಅಭ್ಯುದಯದ ಹಾದಿಯು ನಿಷ್ಕಂಟಕವಾಗಿರಲಿಲ್ಲ. ಬೆಳೆಯುತ್ತಿದ್ದ ವ್ಯಾಪಾರಕ್ಕೆ ಅನುಕೂಲವಾಗಲೆಂದು ಕೆಂಪೇಗೌಡನು ಭೈರವನ ಹೆಸರಿನಲ್ಲಿ ನಾಣ್ಯಗಳನ್ನು ಅಚ್ಚುಹಾಕಿಸಿದನು. ನಾಣ್ಯವನ್ನು ಹೊರಡಿಸುವುದು ಚಕ್ರವರ್ತಿಗೆ ಮಾತ್ರ ಸಲ್ಲುವ ಹಕ್ಕು. ಈ ಸುದ್ದಿ ವಿಜಯನಗರವನ್ನು ಮುಟ್ಟಿತು. ಕೆಂಪೇಗೌಡನು ಬಂಧಿತನಾಗಿ ಆನೆಗೊಂದಿಯ ಸೆರೆಮನೆಯಲ್ಲಿ ಐದು ವರ್ಷಗಳನ್ನು ಕಳೆಯಬೇಕಾಯಿತೆಂದು ಚರಿತ್ರೆ ಹೇಳುತ್ತದೆ. ಯಾವ ನಗರವನ್ನು ನೋಡಿ ಕನಸು ಕಂಡಿದ್ದನೋ ಅದರ ಎದುರಿನ ದಂಡೆಯಲ್ಲಿಯೇ ಅವನು ಸೆರೆಯಾಳಾದುದು ವಿಧಿಯ ವಿಪರ್ಯಾಸ. ಆದರೂ ಅವನು ಧೃತಿಗೆಡಲಿಲ್ಲ. ದಂಡ ತೆತ್ತು ಬಿಡುಗಡೆ ಹೊಂದಿ ಹಿಂತಿರುಗಿದ ಮೇಲೆ ತನ್ನ ಊರಿನ ಏಳಿಗೆಗೆ ಮತ್ತೆ ತೊಡಗಿದನು.

1565ರ ಯುದ್ಧದಲ್ಲಿ ವಿಜಯನಗರದ ಸೇನೆಯು ಸೋತು ಆ ವೈಭವದ ರಾಜಧಾನಿಯು ಹಾಳಾಯಿತು. ಅದಾದ ನಾಲ್ಕು ವರ್ಷಗಳಿಗೆ, 1569ರಲ್ಲಿ, ಕೆಂಪೇಗೌಡನೂ ಕಾಲವಶನಾದನು. ಸ್ಫೂರ್ತಿ ನೀಡಿದ ನಗರವು ಬರಿದಾಯಿತು. ಅದರಿಂದ ಸ್ಫೂರ್ತಿ ಪಡೆದ ಚಿಕ್ಕ ಊರು ಉಳಿದು ಬೆಳೆಯಿತು. ದೊರೆಗಳು ಬದಲಾದರು, ಆದರೆ ಪೇಟೆಗಳ ಕಸುಬು, ವ್ಯಾಪಾರ ನಿಲ್ಲಲಿಲ್ಲ.

ಇಂದು ಬೆಂಗಳೂರು ಕೋಟ್ಯಂತರ ಜನರಿಗೆ ಆಶ್ರಯವಾಗಿದೆ. ಅದರ ವಿಮಾನ ನಿಲ್ದಾಣವು ಕೆಂಪೇಗೌಡನ ಹೆಸರನ್ನು ಹೊತ್ತಿದೆ. 2022ರಲ್ಲಿ ಅಲ್ಲಿ ಅವನ 108 ಅಡಿ ಎತ್ತರದ ಪ್ರತಿಮೆಯು ಅನಾವರಣಗೊಂಡಿತು. ಆದರೆ ಧರ್ಮಾಂಬುಧಿ ಕೆರೆಯು ಬಸ್ಸು ನಿಲ್ದಾಣವಾಗಿದೆ. ಸಂಪಂಗಿ ಕೆರೆಯಿದ್ದಲ್ಲಿ ಕ್ರೀಡಾಂಗಣವಿದೆ. ನಗರದ ಬಾಯಾರಿಕೆಯನ್ನು ತಣಿಸಲು ದೂರದ ಕಾವೇರಿಯಿಂದ ನೀರನ್ನು ಮೇಲೆತ್ತಿ ತರಬೇಕಾಗಿದೆ. ಮರದ ನೆರಳಿನಲ್ಲಿ ಕುಳಿತು ನಗರವನ್ನು ಕಲ್ಪಿಸಿದವರು ಕೋಟೆಯೊಡನೆ ಕೆರೆಯನ್ನೂ ನೆನೆದಿದ್ದರು. ಹೆಸರನ್ನು ಉಳಿಸಿಕೊಂಡ ನಾವು ಆ ಮುಂದಾಲೋಚನೆಯನ್ನೂ ಉಳಿಸಿಕೊಂಡಾಗಲೇ ನಾಡಪ್ರಭುವಿಗೆ ನಿಜವಾದ ಗೌರವ ಸಲ್ಲಿಸಿದಂತಾಗುವುದು.