ದಿವಾನ್ ಪೂರ್ಣಯ್ಯ

ದಿವಾನ್ ಪೂರ್ಣಯ್ಯ (1746–1812) ಹೈದರ್ ಅಲಿ, ಟಿಪ್ಪು ಸುಲ್ತಾನ್ ಹಾಗೂ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನದ ಆಡಳಿತದಲ್ಲಿ ಪ್ರಮುಖ ಪಾತ್ರ ವಹಿಸಿದವರು. ಕೊಯಮತ್ತೂರು ಸೀಮೆಯ ಬಡ ಮಾಧ್ವ ಕುಟುಂಬದಲ್ಲಿ ಜನಿಸಿ, ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ವರ್ತಕರ ಬಳಿ ಲೆಕ್ಕ ಬರೆಯುತ್ತಿದ್ದ ಇವರು ಮುಂದೆ ಹೈದರನ ಸೇವೆಗೆ ಸೇರಿದರು. 1782ರ ಡಿಸೆಂಬರ್‌ನಲ್ಲಿ ಹೈದರ್ ಸೇನಾಶಿಬಿರದಲ್ಲೇ ನಿಧನ ಹೊಂದಿದಾಗ, ಟಿಪ್ಪು ಮಲಬಾರಿನಿಂದ ಬರುವವರೆಗೆ ಆ ಸುದ್ದಿಯನ್ನು ಗುಟ್ಟಾಗಿಟ್ಟವರಲ್ಲಿ ಇವರೂ ಒಬ್ಬರು.

1799ರ ಮೇ 4ರಂದು ಶ್ರೀರಂಗಪಟ್ಟಣವು ಪತನಗೊಂಡಿತು. ಟಿಪ್ಪುವಿನ ಸೈನ್ಯ ಚದುರಿತು. ಆಯುಧವನ್ನುಳಿದು ಬೇರೆ ಕಸುಬನ್ನರಿಯದ ಸಾವಿರಾರು ಮಂದಿ ಜೀವನೋಪಾಯವಿಲ್ಲದವರಾದರು. ಕೋಟೆಯ ಸೆರೆಯಿಂದ ಹೊರಬಂದ ಧೋಂಡಿಯ ವಾಘ್ ಇಂಥವರನ್ನೇ ಕೂಡಿಸಿಕೊಂಡು ದಂಗೆಯೆದ್ದು, 1800ರ ಸೆಪ್ಟೆಂಬರ್‌ನಲ್ಲಿ ಹತನಾದನು.

ಬಾಲಕನಾಗಿದ್ದ ಅರಸನ ದಿವಾನರಾದ ಪೂರ್ಣಯ್ಯನವರು ಹಳೆಯ ಸೈನಿಕರನ್ನು ಶತ್ರುವಿನ ಆಳುಗಳೆಂದು ದೂರವಿಡಲಿಲ್ಲ. ಅವರಲ್ಲಿ ಆಯ್ದವರನ್ನು ಸಂಸ್ಥಾನದ ಪದಾತಿದಳಕ್ಕೂ, ಸವಾರನೇ ಕುದುರೆ ತರಬೇಕಾದ ಸಿಲ್ಲೇದಾರ್ ಅಶ್ವದಳಕ್ಕೂ ಸೇರಿಸಿಕೊಂಡರು. ಕಂದಾಚಾರದ ಪೇದೆಗಳಿಗೆ ಅವರವರ ಊರಿನಲ್ಲೇ ಜಮೀನು ಮತ್ತು ಅಲ್ಪ ವೇತನ ದೊರೆಯಿತು. ಇದರಲ್ಲಿ ಕರುಣೆಯಷ್ಟೇ ರಾಜಕೀಯ ಲೆಕ್ಕಾಚಾರವೂ ಇತ್ತು: ಹೊಲವುಳ್ಳ ಸಿಪಾಯಿ ಸುಲಭವಾಗಿ ದಂಗೆಕೋರರ ಪಾಲಾಗುವುದಿಲ್ಲ.

1803ರ ಮರಾಠಾ ಯುದ್ಧದಲ್ಲಿ ಮೈಸೂರಿನ ಅಶ್ವದಳ ಆರ್ಥರ್ ವೆಲ್ಲೆಸ್ಲಿಯ ಸೇನೆಯೊಡನೆ ಹೋರಾಡಿತು. ಸಂಸ್ಥಾನವು 4,000 ಸವಾರರನ್ನು ಸದಾ ಸಿದ್ಧವಾಗಿಡಬೇಕೆಂದು 1807ರ ಪೂರಕ ಒಪ್ಪಂದದಲ್ಲಿ ನಿಗದಿಯಾಯಿತು. ಅದೇ ವರ್ಷ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ದೊರೆಯಿತು. 1811ರಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟ ಅವರು ಮರುವರ್ಷ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ನಿಧನರಾದರು.